ತೂಬು ತೆಗೆದ ಹೊತ್ತು

“ಗುರುಗಳೇ, ಒಂದೂ ಸುಳ್ಳು ಹೇಳದವನನ್ನು ಪಕ್ಷಪಾತಿ ಎನ್ನಬಹುದೇ?”

ಕೇಳಿದವನು ಮರುಳಸಿದ್ಧ. ಅವನು ಮಠಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಮೊದಲು ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದ. ನಾಡಿನ ಅಧ್ಯಕ್ಷಗಿರಿಗೆ ನಿಂತವರ ಬಗ್ಗೆ ಅವನು ಬರೆದದ್ದನ್ನು ಚುನಾವಣೆಯ ಕಾಲದಲ್ಲಿ ಎಲ್ಲರೂ ಓದಿದ್ದರು. ಚುನಾವಣೆ ಮುಗಿದ ಮೇಲೆ ಅದೇ ಜನ ಅವನನ್ನು ಪಕ್ಷಪಾತಿ ಎಂದು ಬೈದಿದ್ದರು. ಬರೆದ ಒಂದೊಂದು ಸಾಲನ್ನೂ ಅವನು ಮತ್ತೆ ಮತ್ತೆ ಓದಿ ನೋಡಿದ್ದ. ಎಲ್ಲಿಯೂ ಸುಳ್ಳು ಸಿಕ್ಕಿರಲಿಲ್ಲ. ಆದರೂ ನಿದ್ದೆ ಬರುತ್ತಿರಲಿಲ್ಲ.

ಗುರುಗಳು ಕುಳಿತುಕೋ ಎಂದು ಕೈಯಿಂದಲೇ ತೋರಿಸಿದರು. ಆಮೇಲೆ ಹೇಳತೊಡಗಿದರು.

ಎರಡು ಹೊಳೆಗಳ ನಡುವೆ ಒಂದು ನಾಡಿತ್ತು. ಹೊಳೆಯ ನೀರಿಗಿಂತ ನೆಲವೇ ತಗ್ಗು. ಹಿಂದಿನವರು ಸುತ್ತಲೂ ಮಣ್ಣಿನ ಏರಿ ಹಾಕಿ, ಅದರೊಳಗೆ ಹದಿನೆಂಟು ಊರು ಕಟ್ಟಿಕೊಂಡಿದ್ದರು. ಆ ನಾಡಿಗೆ ಅರಸನಿರಲಿಲ್ಲ. ಏಳು ವರ್ಷಕ್ಕೊಮ್ಮೆ ಜನರೇ ಒಬ್ಬ ಅಧ್ಯಕ್ಷನನ್ನು ಆರಿಸುತ್ತಿದ್ದರು. ಅಧ್ಯಕ್ಷನಾದವನ ಮೊದಲ ಕೆಲಸ ಏರಿಯನ್ನು ಕಾಯುವುದು. ಉಳಿದದ್ದೆಲ್ಲ ಆಮೇಲೆ.

ಅಧ್ಯಕ್ಷಗಿರಿಗೆ ನಿಂತವರು ಎಂಥವರು ಎಂದು ಹದಿನೆಂಟು ಊರಿನ ಜನಕ್ಕೆ ತಿಳಿಯಬೇಕಲ್ಲ. ಅದಕ್ಕಾಗಿ ಒಬ್ಬ ಸಾರುವವನಿದ್ದ. ನಿಂತವರ ಮನೆಗೆ ಹೋಗಿ, ಹಿಂದು ಮುಂದು ವಿಚಾರಿಸಿ, ಮೂವತ್ತು ದಿನ ದೊಡ್ಡ ಚೌಕದಲ್ಲಿ ನಿಂತು ಡಂಗುರ ಹೊಡೆದು ಹೇಳುವುದು ಅವನ ಕೆಲಸ. ಅವನ ಹೆಸರು ಭರಮಣ್ಣ. ಮೂರು ಚುನಾವಣೆಗಳನ್ನು ಕಂಡವನು. ಅಭ್ಯರ್ಥಿಗಳ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ, ಎಲೆ ಅಡಿಕೆ ಮುಟ್ಟುತ್ತಿರಲಿಲ್ಲ. ಇಬ್ಬರು ನಿಂತರೆ ಇಬ್ಬರ ಬಗ್ಗೆಯೂ ಸಮ ಹೊತ್ತು ಮಾತಾಡಬೇಕೆಂದು ಚೌಕದಲ್ಲಿ ತಳಕ್ಕೆ ತೂತಿದ್ದ ಗಳಿಗೆ ಬಟ್ಟಲು ಇಟ್ಟುಕೊಂಡಿದ್ದ. ಬಟ್ಟಲು ನೀರಿನಲ್ಲಿ ಮುಳುಗಿದ ಕೂಡಲೇ ಒಬ್ಬರ ಮಾತು ನಿಲ್ಲಿಸಿ ಇನ್ನೊಬ್ಬರ ಮಾತು ಎತ್ತುತ್ತಿದ್ದ. ಸುಳ್ಳು ಹೇಳಿದವನಲ್ಲ. ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಆ ವರ್ಷ ಇಬ್ಬರು ನಿಂತರು. ಒಬ್ಬಳು ಸಾತವ್ವ. ಇಪ್ಪತ್ತೆರಡು ವರ್ಷ ಏರಿಯ ಉಸ್ತುವಾರಿ ನೋಡಿಕೊಂಡವಳು. ಏಡಿ ಎಲ್ಲಿ ಬಿಲ ತೋಡಿದೆ, ಮಣ್ಣು ಎಲ್ಲಿ ಕುಸಿದಿದೆ ಎಂದು ಕಾಲಿನಲ್ಲೇ ತಿಳಿಯುತ್ತಿದ್ದಳು. ಮಾತು ಕಡಿಮೆ. ಮುಖದಲ್ಲಿ ನಗು ಇನ್ನೂ ಕಡಿಮೆ. ಇನ್ನೊಬ್ಬ ಇಂದುಧರ. ಮೇಲುನಾಡಿನಿಂದ ಬಂದು ನೆಲೆಸಿ ಒಂಬತ್ತು ವರ್ಷವಾಗಿತ್ತು. ದೋಣಿಗಳನ್ನು ಇಟ್ಟುಕೊಂಡಿದ್ದ. ಅಲ್ಲಿ ಏರಿ ಕಟ್ಟಿಸುವ ಗುತ್ತಿಗೆ ಮಾಡುತ್ತಿದ್ದೆ ಎನ್ನುತ್ತಿದ್ದ. ಅವನು ಮಾತಿಗೆ ನಿಂತರೆ ದಾರಿಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು.

ಸಾತವ್ವ ಗೆಲ್ಲುತ್ತಾಳೆ ಎಂದು ಎಲ್ಲರೂ ಹೇಳಿದರು. ಭರಮಣ್ಣನೂ ಹಾಗೆಯೇ ತಿಳಿದ. ‘ಗೆಲ್ಲುವವಳನ್ನು ತಾನೇ ಚೆನ್ನಾಗಿ ಜಾಲಾಡಬೇಕು? ಸೋಲುವವನನ್ನು ಕೆದಕಿ ಏನಾಗಬೇಕು?’ ಎಂದು ಅವನು ಯೋಚಿಸಿದ. ಆ ಯೋಚನೆ ಅವನಿಗೆ ನ್ಯಾಯವಾಗಿಯೇ ಕಂಡಿತು.

ಮೊದಲು ಅವನು ಸಾತವ್ವನ ಮನೆಗೆ ಹೋದ. ಹನ್ನೆರಡು ವರ್ಷದ ಹಿಂದೆ ದೊಡ್ಡ ನೆರೆ ಬಂದಾಗ ಅವಳು ಏರಿಯ ತೂಬು ತೆಗೆಸಿ ನೀರನ್ನು ಹುಲ್ಲುಗಾವಲಿಗೆ ಬಿಟ್ಟಿದ್ದಳು. ಹುಲ್ಲುಗಾವಲಿನ ಅಂಚಿನಲ್ಲಿದ್ದ ಒಬ್ಬ ಕುಂಬಾರನ ಮನೆ ಕೊಚ್ಚಿಹೋಯಿತು. ಕುಂಬಾರನ ಮುದಿ ತಾಯಿ ಸತ್ತಳು. ಮರುದಿನ ಸಾತವ್ವ ತಾನಾಗಿಯೇ ನಾಡಿನ ಹಿರಿಯರ ಸಭೆಯ ಮುಂದೆ ನಿಂತು ನಡೆದದ್ದನ್ನು ಹೇಳಿದ್ದಳು. ಸಭೆ ಅವಳ ಮೇಲೆ ತಪ್ಪು ಹೊರಿಸಿರಲಿಲ್ಲ. ಅಲ್ಲಿಗೆ ಅದು ಮುಗಿದಿತ್ತು.

ಭರಮಣ್ಣ ಅದನ್ನು ಮತ್ತೆ ತೆಗೆದ. ತೂಬನ್ನು ಸೂರ್ಯ ಹುಟ್ಟಿದ ಮೇಲೆ, ಇಬ್ಬರು ಹಿರಿಯರ ಎದುರಿಗೆ ಮಾತ್ರ ತೆಗೆಯಬೇಕೆಂಬುದು ನಾಡಿನ ಕಟ್ಟಳೆ. ಬೆಳಗಾಗುವ ಹೊತ್ತಿಗೆ ತೆಗೆಸಿದೆ ಎಂದು ಸಾತವ್ವ ಸಭೆಯಲ್ಲಿ ಹೇಳಿದ್ದಳು. ಆಗ ತೂಬಿನ ಬಳಿ ಇದ್ದವನು ಒಬ್ಬನೇ ಕಾವಲುಗಾರ. ಅವನು ಕೆಲಸ ಬಿಟ್ಟು ದೂರದ ಮಗಳ ಊರಿಗೆ ಹೋಗಿದ್ದ. ಆರು ದಿನದ ದಾರಿ. ಡಂಗುರ ಶುರುವಾಗುವ ಮೊದಲೇ ಭರಮಣ್ಣ ಬುತ್ತಿ ಕಟ್ಟಿಕೊಂಡು ಆರು ದಿನ ನಡೆದ. ಕಾವಲುಗಾರನನ್ನು ಹುಡುಕಿದ. ಕಣ್ಣು ಮಂಜಾದ ಆ ಮುದುಕ ಬಹಳ ಹೊತ್ತು ಯೋಚಿಸಿ, “ಬೆಳಗಾಗಿರಲಿಲ್ಲಪ್ಪ. ಇನ್ನೂ ಕತ್ತಲಿತ್ತು,” ಎಂದ. ಭರಮಣ್ಣ ಮತ್ತೆ ಆರು ದಿನ ನಡೆದು ಬಂದ. ಕಾಲಿನಲ್ಲಿ ಬೊಕ್ಕೆ ಎದ್ದಿದ್ದವು. ಆದರೆ ಮನಸ್ಸು ಹಗುರವಾಗಿತ್ತು. ಕಷ್ಟಪಟ್ಟು ನಿಜವನ್ನು ತಂದಿದ್ದ.

“ತೂಬು ತೆಗೆದ ಹೊತ್ತು ಯಾವುದು?” ಎಂದು ಅವನು ಚೌಕದಲ್ಲಿ ಸಾರಿದ. ಮೊದಲ ದಿನ ನೂರು ಜನ ಕೇಳಿದರು. ಮರುದಿನ ಮುನ್ನೂರು. ಐದನೆಯ ದಿನಕ್ಕೆ ಮನೆಗಳ ಮಾಡಿನ ಮೇಲೂ ಜನ ಕುಳಿತಿದ್ದರು. ಅಷ್ಟು ಜನ ಅವನ ಡಂಗುರಕ್ಕೆ ಎಂದೂ ಬಂದಿರಲಿಲ್ಲ. ದಿನಕ್ಕೊಂದು ಹೊಸ ಮಾತು ಬೇಕಾಯಿತು. ದಿನಕ್ಕೊಂದು ಹೊಸ ಮಾತನ್ನು ಅವನು ಹುಡುಕಿ ತಂದ. ತೂಬಿನ ಬೀಗದ ಕೈ ಅಂದು ಯಾರ ಹತ್ತಿರವಿತ್ತು, ಹಿರಿಯರಿಗೆ ಹೇಳಿ ಕಳಿಸಿದ್ದಳೇ ಇಲ್ಲವೇ, ಕುಂಬಾರನ ಮನೆಗೆ ಸಾತವ್ವ ಎಷ್ಟು ಸಲ ಹೋಗಿಬಂದಳು. ಎಲ್ಲವೂ ನಿಜವೇ.

ಒಂದು ದಿನ ಸಾತವ್ವ ತಾನೇ ಚೌಕಕ್ಕೆ ಬಂದಳು. ಜನ ದಾರಿ ಬಿಟ್ಟರು.

“ಸಾತವ್ವ, ಹೊತ್ತು ಯಾವುದು, ಹೇಳಿ,” ಎಂದು ಭರಮಣ್ಣ ಕೇಳಿದ.

“ಹೊತ್ತು ನೆನಪಿಲ್ಲ. ನೀರು ನೆನಪಿದೆ,” ಎಂದಳು ಅವಳು. ಅಷ್ಟೇ ಹೇಳಿ ಹೋದಳು.

ನೆನಪಿಲ್ಲ ಎನ್ನುತ್ತಾಳೆ ಎಂದು ಮರುದಿನ ಅವನು ಸಾರಿದ. ಅದೂ ನಿಜವೇ.

ಇಂದುಧರನ ಮನೆಗೂ ಅವನು ಹೋಗಿದ್ದ. “ಮೇಲುನಾಡಿನಲ್ಲಿ ಏನು ಕೆಲಸ ಮಾಡಿದಿರಿ?” ಎಂದು ಕೇಳಿದ. “ಏರಿ ಕಟ್ಟಿಸಿದೆ. ಅಲ್ಲಿಯ ಜನ ನನ್ನನ್ನು ಮರೆಯುವ ಹಾಗಿಲ್ಲ,” ಎಂದು ಇಂದುಧರ ನಕ್ಕ. ಭರಮಣ್ಣ ಅದನ್ನು ಹಾಗೆಯೇ ಬಂದು ಹೇಳಿದ. ಇಂದುಧರ ಸಾತವ್ವನಿಗೆ ‘ಕತ್ತಲೆ ತೂಬಿನವ್ವ’ ಎಂದು ಹೆಸರಿಟ್ಟ. ಅವನು ಹಾಗೆಂದದ್ದು ನಿಜವಾದ್ದರಿಂದ ಭರಮಣ್ಣ ಅದನ್ನೂ ಸಾರಿದ. ಜನ ಬಿದ್ದು ಬಿದ್ದು ನಕ್ಕರು. ಮಕ್ಕಳು ಬೀದಿಯಲ್ಲಿ ಅದನ್ನೇ ಕೂಗಿಕೊಂಡು ಓಡಾಡಿದರು. ದಿನವೂ ಸಾತವ್ವನ ತೂಬಿಗೆ ಒಂದು ಗಳಿಗೆ, ಇಂದುಧರನ ಮಾತಿಗೆ ಒಂದು ಗಳಿಗೆ. ಬಟ್ಟಲು ಮುಳುಗುವುದನ್ನು ಎಲ್ಲರೂ ನೋಡುತ್ತಿದ್ದರು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆ ಇಲ್ಲ.

ಹತ್ತೊಂಬತ್ತನೆಯ ದಿನ ಮೇಲುನಾಡಿನಿಂದ ಒಬ್ಬ ಬಂದ. ಮಣ್ಣು ಕೆಲಸದ ಮೇಸ್ತ್ರಿ. ಹೆಸರು ದುರಗಪ್ಪ. ಭರಮಣ್ಣ ಆಗ ಇನ್ನೊಬ್ಬ ಸಾಕ್ಷಿಯನ್ನು ಹುಡುಕಿಕೊಂಡು ಹೊರಡುವುದರಲ್ಲಿದ್ದ. ತೂಬಿಗೆ ಬಾಗಿಲು ಮಾಡಿಕೊಟ್ಟ ಬಡಗಿ ಮೂರು ದಿನದ ದಾರಿಯಲ್ಲಿದ್ದಾನೆ ಎಂದು ತಿಳಿದುಬಂದಿತ್ತು.

“ಸ್ವಾಮಿ, ಇಂದುಧರನ ಕೈಕೆಳಗೆ ನಾನು ಕೆಲಸ ಮಾಡಿದೆ,” ಎಂದ ದುರಗಪ್ಪ. “ಅವನು ಕಟ್ಟಿಸಿದ ಏರಿ ಎರಡನೆಯ ಮಳೆಗಾಲಕ್ಕೆ ಒಡೆಯಿತು. ನಮ್ಮ ಊರು ಹೋಯಿತು. ಬಂದು ನೋಡಿ. ಎರಡು ದಿನದ ದಾರಿ.”

“ನಿನಗೆ ಅವನ ಮೇಲೆ ಏನು ಹಗೆ?”

“ಹಗೆ ಇದೆ. ಅದಕ್ಕೇ ಹೇಳುತ್ತಿದ್ದೇನೆ, ನನ್ನ ಮಾತು ನಂಬಬೇಡಿ. ಬಂದು ಕಣ್ಣಾರೆ ನೋಡಿ.”

“ಒಬ್ಬನ ಮಾತು ಕೇಳಿ ನಾನು ಹೊರಡುವುದಕ್ಕೆ ಆಗುತ್ತದೆಯೇ? ಹೇಗೂ ಅವನು ಗೆಲ್ಲುವುದಿಲ್ಲ. ಚುನಾವಣೆ ಮುಗಿಯಲಿ, ನೋಡೋಣ.”

ದುರಗಪ್ಪ ಹೋಗಲಿಲ್ಲ. ಆರು ದಿನ ಡಂಗುರ ನಿಲ್ಲಿಸಿ ಭರಮಣ್ಣ ಬಡಗಿಯನ್ನು ಕಂಡು ತಿರುಗಿ ಬಂದಾಗಲೂ ಅವನು ಚೌಕದ ಕಟ್ಟೆಯ ಮೇಲೆಯೇ ಇದ್ದ. ಎದ್ದು ಹತ್ತಿರ ಬಂದ.

“ಸ್ವಾಮಿ, ಆ ಕಾವಲುಗಾರನೂ ಒಬ್ಬನೇ ಅಲ್ಲವೇ?” ಎಂದು ಕೇಳಿದ.

ಭರಮಣ್ಣನಿಗೆ ಮುಖಕ್ಕೆ ಹೊಡೆದ ಹಾಗಾಯಿತು. “ನನ್ನ ಕಸುಬನ್ನು ನೀನು ನನಗೆ ಕಲಿಸಬೇಡ,” ಎಂದ. ದುರಗಪ್ಪ ಗಂಟು ಎತ್ತಿಕೊಂಡು ಹೊರಟುಹೋದ.

ಇಲ್ಲಿ ಮರುಳಸಿದ್ಧ ತಡೆಯಲಾರದೆ ಕೇಳಿದ. “ಅವನಿಗೆ ಸಂಶಯವೇ ಬರಲಿಲ್ಲವೇ, ಗುರುಗಳೇ?”

“ಬಂತು,” ಎಂದರು ಗುರುಗಳು. “ಒಂದು ಸಂಜೆಯೆಲ್ಲ ಇತ್ತು. ಊಟ ಸೇರಲಿಲ್ಲ. ಬೆಳಿಗ್ಗೆ ಚೌಕಕ್ಕೆ ಹೋದ. ನಿಲ್ಲಲು ಜಾಗವಿಲ್ಲದಷ್ಟು ಜನ. ಬಡಗಿ ಏನೆಂದ, ಬಡಗಿ ಏನೆಂದ ಎಂದು ಕೂಗುತ್ತಿದ್ದರು. ಅವನು ಡಂಗುರ ಎತ್ತಿಕೊಂಡ.”

ಗುರುಗಳು ಮುಂದುವರಿಸಿದರು.

ಮೂವತ್ತು ದಿನ ಮುಗಿಯಿತು. ಜನ ಎರಡು ಗಡಿಗೆಗಳಿಗೆ ಹುಣಸೆ ಬೀಜ ಹಾಕಿದರು. ಎಣಿಸಿ ನೋಡಿದಾಗ ಇಂದುಧರ ಗೆದ್ದಿದ್ದ. ಅಂತರ ಹೆಚ್ಚಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಬೆರಗಾದವನು ಭರಮಣ್ಣ. ಎಣಿಸಿದವರಿಗೆ ಮತ್ತೊಮ್ಮೆ ಎಣಿಸಿ ಎಂದ. ಅವರು ಎಣಿಸಿದರು. ಅಷ್ಟೇ ಬಂತು.

ಸಾತವ್ವ ತೂಬಿನ ಬೀಗದ ಕೈಯನ್ನು ಸಭೆಗೆ ಒಪ್ಪಿಸಿ ಮನೆಗೆ ಹೊರಟಳು. ಚೌಕದಲ್ಲಿ ಭರಮಣ್ಣ ಡಂಗುರದ ಹಗ್ಗ ಬಿಚ್ಚುತ್ತಿದ್ದ. ಅವಳು ನಿಂತಳು.

“ನೀವು ಹೇಳಿದ್ದು ನಿಜ, ಭರಮಣ್ಣ. ಆಗ ಇನ್ನೂ ಕತ್ತಲಿತ್ತು. ಬೆಳಗಾಗಲಿ ಎಂದು ಕಾದಿದ್ದರೆ ಏರಿ ಉಳಿಯುತ್ತಿರಲಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಹೋದ ಮೇಲೆ ಭರಮಣ್ಣ ಹಗ್ಗ ಹಿಡಿದುಕೊಂಡು ಅಲ್ಲೇ ಕುಳಿತ. ಯಾವಾಗ ತೆಗೆದಿರಿ ಎಂದು ಅವನು ಅವಳನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದ. ಏಕೆ ತೆಗೆದಿರಿ ಎಂದು ಒಂದು ಸಲವೂ ಕೇಳಿರಲಿಲ್ಲ.

ಇಂದುಧರ ಅಧ್ಯಕ್ಷನಾದ. ಮಳೆ ಇಲ್ಲದ ತಿಂಗಳಲ್ಲಿ ಏರಿಗೆ ಕಾವಲು ಏಕೆ ಎಂದು ಮೊದಲ ವರ್ಷ ಅರ್ಧ ಕಾವಲುಗಾರರನ್ನು ತೆಗೆದ. ಎರಡನೆಯ ವರ್ಷ ಉಳಿದ ಅರ್ಧವೂ ಹೋಯಿತು. ಮೂರನೆಯ ವರ್ಷ ಏರಿಗೆ ಹೊಳೆಯ ಕಡೆಯಿಂದ ಹೊದಿಸಿದ್ದ ಕಲ್ಲುಗಳನ್ನು ಕೀಳಿಸಿ, ಅವುಗಳಿಂದ ಸಭೆಗೆ ಹೊಸ ಚಾವಡಿ ಕಟ್ಟಿಸಿದ. ಚಾವಡಿ ಚೆನ್ನಾಗಿತ್ತು. ಜನ ಹೆಂಡಿರು ಮಕ್ಕಳನ್ನು ಕರೆದುಕೊಂಡು ನೋಡಿ ಬಂದರು.

ಭರಮಣ್ಣ ಸುಮ್ಮನೆ ಕುಳಿತಿರಲಿಲ್ಲ. ಕಲ್ಲು ಕಿತ್ತ ಜಾಗಗಳನ್ನು ನಡೆದು ನೋಡಿದ. ಚೌಕದಲ್ಲಿ ನಿಂತು ಅದನ್ನೂ ಸಾರಿದ. ಹದಿನಾರು ಜನ ಬಂದರು. ಮರುದಿನ ಒಂಬತ್ತು. ಏರಿಯ ಕಲ್ಲಿನ ಮಾತು ಕೇಳಲು ಯಾರಿಗೂ ಆಸೆ ಇರಲಿಲ್ಲ. “ಕತ್ತಲೆ ತೂಬಿನವ್ವನ ಕತೆ ಹೇಳು, ಭರಮಣ್ಣ,” ಎಂದು ಒಬ್ಬ ಕೂಗಿದ. ಉಳಿದವರು ನಕ್ಕರು. ಅವನು ಡಂಗುರ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.

ನಾಲ್ಕನೆಯ ಮಳೆಗಾಲದಲ್ಲಿ ನೆರೆ ಬಂತು. ಮೂರು ದಿನ ಹೊಳೆ ಏರುತ್ತಲೇ ಇತ್ತು. ತೂಬು ತೆಗೆಯಿರಿ ಎಂದು ಸಾತವ್ವ ಎರಡು ಸಲ ಹೇಳಿಕಳಿಸಿದಳು. ಮೂರನೆಯ ಸಲ ತಾನೇ ಮಳೆಯಲ್ಲಿ ನೆನೆದುಕೊಂಡು ಚಾವಡಿಗೆ ಬಂದಳು. ಇಂದುಧರ ಸಭೆಯ ಕಡೆಗೆ ತಿರುಗಿ, “ಇವರ ಮಾತು ಕೇಳಿ ತೂಬು ತೆಗೆಯೋಣವೇ?” ಎಂದ. ಅವನ ದನಿಗೆ ಕೆಲವರಿಗೆ ನಗು ಬಂತು. ತೂಬು ತೆಗೆಯಲಿಲ್ಲ.

ಮರುದಿನ ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಏರಿ ಒಡೆಯಿತು. ಕಲ್ಲು ಕಿತ್ತ ಜಾಗದಲ್ಲೇ ಒಡೆಯಿತು.

ಭರಮಣ್ಣ ದಿಬ್ಬದ ಮೇಲಿನ ಚೌಕದಲ್ಲಿದ್ದ. ದೂರದಲ್ಲಿ ಗದ್ದೆಗಳು ಬೆಳ್ಳಗಾಗುವುದು ಕಂಡಿತು. ಅವನು ಡಂಗುರ ತೆಗೆದುಕೊಂಡು ಓಡಿದ. ಮೊದಲ ಊರಿನಲ್ಲಿ ಹೊಡೆದುಕೊಂಡು ಹೋದ. ಅಲ್ಲಿಯವರು ಆಗಲೇ ನೀರು ಕಂಡಿದ್ದರು, ಮಕ್ಕಳನ್ನು ಎತ್ತಿಕೊಂಡು ದಿಬ್ಬದ ಕಡೆಗೆ ಬರುತ್ತಿದ್ದರು. ಎರಡನೆಯ ಊರಿಗೆ ಹೋದ. ಅಲ್ಲಿಗೆ ನೀರು ಇನ್ನೂ ಬಂದಿರಲಿಲ್ಲ. ಮಳೆ ಹನಿಯುತ್ತಿತ್ತು, ಬಾಗಿಲುಗಳು ಮುಚ್ಚಿದ್ದವು. ಅವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಡಂಗುರ ಬಡಿದ. ಬಾಗಿಲು ತೆರೆಯಲಿಲ್ಲ. ಒಂದು ಮನೆಯೊಳಗೆ ಹೆಂಗಸೊಬ್ಬಳು, “ಏನದು?” ಎಂದು ಕೇಳಿದ್ದು ಅವನಿಗೆ ಕೇಳಿಸಿತು. ಗಂಡಸಿನ ದನಿ, “ಭರಮಣ್ಣನ ಡಂಗುರ. ಮತ್ತೆ ಶುರುಮಾಡಿಕೊಂಡ. ನೀನು ಬಡಿಸು,” ಎಂದಿತು.

ಅವನು ಬಾಗಿಲು ಗುದ್ದಿದ, ಕಿರುಚಿದ. ಆ ಮನೆಯವರು ಹೊರಗೆ ಬಂದರು. ಪಕ್ಕದ ಮನೆಯವರೂ ಬಂದರು. ಬೀದಿಯಲ್ಲಿ ಅರವತ್ತು ಮನೆ ಇದ್ದವು. ಏಳನೆಯ ಬಾಗಿಲನ್ನು ಗುದ್ದುವಾಗ ನೀರು ಅವನ ಮೊಣಕಾಲಿಗೆ ಬಂದಿತ್ತು.

ಅಂದು ಏಳು ಊರು ಮುಳುಗಿದವು. ಇಂದುಧರ ತನ್ನ ದೋಣಿಗಳನ್ನು ಹತ್ತಿ ಹೊಳೆ ದಾಟಿ ಹೋದ. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ನೀರು ಇಳಿದ ಮೇಲೆ ಉಳಿದವರು ಸಭೆ ಸೇರಿದರು. ಭರಮಣ್ಣನನ್ನು ಕರೆಸಿದರು. “ಇಂದುಧರ ಇಂಥವನು ಎಂದು ನಿನಗೆ ಗೊತ್ತಿತ್ತೇ?” ಎಂದು ಹಿರಿಯರು ಕೇಳಿದರು.

“ಗೊತ್ತಿರಲಿಲ್ಲ.”

“ಜನರಿಗೆ ಸುಳ್ಳು ಹೇಳಿದೆಯಾ?”

“ಇಲ್ಲ.”

ಅವನ ಮೂವತ್ತು ದಿನದ ಮಾತುಗಳು ಕೇಳಿದವರಿಗೆಲ್ಲ ನೆನಪಿದ್ದವು. ಸಭೆ ಒಂದೊಂದನ್ನೂ ಎತ್ತಿ ನೋಡಿತು. ಸುಳ್ಳು ಸಿಗಲಿಲ್ಲ. ನಿನ್ನದು ಏನೂ ತಪ್ಪಿಲ್ಲ, ಹೋಗು ಎಂದಿತು. ಭರಮಣ್ಣ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಏಕೆ ಗೊತ್ತಿರಲಿಲ್ಲ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿಯಾರು ಎಂದು ಕಾದಂತಿತ್ತು. ಯಾರೂ ಕೇಳಲಿಲ್ಲ.

ಅವನು ಮನೆಗೆ ಹೋಗಲಿಲ್ಲ. ಮೇಲುನಾಡಿನ ದಾರಿ ಹಿಡಿದ. ಎರಡೇ ದಿನ ನಡೆದದ್ದು. ದಾರಿ ಚೆನ್ನಾಗಿತ್ತು, ಹತ್ತುವುದಿರಲಿಲ್ಲ, ಅಲ್ಲಲ್ಲಿ ನೆರಳಿತ್ತು. ಕಾಲು ಕೂಡ ನೋಯಲಿಲ್ಲ. ಅದನ್ನೇ ಅವನಿಂದ ತಾಳಲಾಗಲಿಲ್ಲ. ಎರಡನೆಯ ದಿನ ಹೊತ್ತು ಇಳಿಯುವ ಮೊದಲು ಒಡೆದ ಏರಿಯೊಂದು ಕಂಡಿತು. ಅದರ ಆಚೆ ಗೋಡೆಗಳಷ್ಟೇ ನಿಂತಿದ್ದವು. ಗೋಡೆಗಳ ನಡುವೆ ಒಂದು ಗುಡಿಸಲು. ಗುಡಿಸಲ ಮುಂದೆ ದುರಗಪ್ಪ ಕುಳಿತಿದ್ದ.

“ಬರುತ್ತೀರಿ ಎಂದು ಗೊತ್ತಿತ್ತು,” ಎಂದ ದುರಗಪ್ಪ. “ಇಷ್ಟು ತಡವಾಗಿ ಎಂದು ಗೊತ್ತಿರಲಿಲ್ಲ.”

ಅವನು ಎದ್ದು ಭರಮಣ್ಣನನ್ನು ಏರಿಯ ಹತ್ತಿರ ಕರೆದುಕೊಂಡು ಹೋದ. ಒಡೆದ ಬಾಯಿಯಲ್ಲಿ ಒಳಗಿನದೆಲ್ಲ ಕಾಣುತ್ತಿತ್ತು. ಮೇಲೆ ಒಂದು ಮೊಳ ಜೇಡಿಮಣ್ಣು. ಒಳಗೆಲ್ಲ ಮರಳು, ಒಣಹುಲ್ಲು, ಮರದ ರೆಂಬೆ. ಭರಮಣ್ಣ ಕೈ ಇಟ್ಟ. ಕೈ ಮೊಣಕೈಯವರೆಗೆ ಒಳಗೆ ಹೋಯಿತು. ಕೈ ಹೊರಗೆ ತೆಗೆಯದೆ ಅವನು ಹಾಗೆಯೇ ನಿಂತಿದ್ದ. ದುರಗಪ್ಪ ಸ್ವಲ್ಪ ಹೊತ್ತಿನ ಮೇಲೆ ಅವನ ರಟ್ಟೆ ಹಿಡಿದು ಕೆಳಗೆ ಇಳಿಸಿ, ಕುಡಿಯಲು ನೀರು ಕೊಟ್ಟ. ಭರಮಣ್ಣ ಕುಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧ ಮುಂದಕ್ಕೆ ಬಾಗಿದ. “ಆಮೇಲೆ ಅವನು ಏನಾದ?” ಎಂದು ಕೇಳಿದ.

“ತಿರುಗಿ ಬಂದು ಕಂಡದ್ದನ್ನೆಲ್ಲ ಸಾರಿದ. ತನ್ನ ಬಗ್ಗೆಯೂ ಸಾರಿದ. ಆಮೇಲೆ ಡಂಗುರವನ್ನು ಸಭೆಗೆ ಒಪ್ಪಿಸಿದ.”

“ಜನ ಅವನನ್ನು ಕ್ಷಮಿಸಿದರೇ?”

“ಕೆಲವರು.”

“ಮತ್ತೆ ಅವನ ಮನಸ್ಸಿಗೆ ಎಂದಾದರೂ ನೆಮ್ಮದಿ ಸಿಕ್ಕಿತೇ, ಗುರುಗಳೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಕತೆ ಶುರುವಾದಾಗಿನಿಂದ ನೀನು ಕೇಳಿದ್ದೆಲ್ಲ ಸಾರುವವನ ಬಗ್ಗೆ, ಮಗು. ಏಳು ಊರು ಮುಳುಗಿದವು ಎಂದೆ, ಎಷ್ಟು ಜನ ಸತ್ತರು ಎಂದು ನೀನು ಕೇಳಲಿಲ್ಲ.”